ಒಂದು ಬೈ ರನ್ನು, ಎರಡು ಹೆಜ್ಜೆ

ಮೊದಲೇ ಹೇಳಿಬಿಡ್ತೀವಿ: ತಪ್ಪು ನಮ್ಮದು.

ಹೋದ ತಿಂಗಳು ನಡೆದ ಬ್ರ್ಯಾಂಚ್-ಬ್ರ್ಯಾಂಚ್ ಟೆನ್ನಿಸ್ ಬಾಲ್ ಮ್ಯಾಚ್ ನೋಡಿದವರಿಗೆ ಕತೆ ಗೊತ್ತು. ನೋಡದವರಿಗೆ ಚುಟುಕಾಗಿ ಹೇಳ್ತೀವಿ. ಕೊನೇ ಓವರ್, ಎರಡು ಬಾಲಿಗೆ ಎರಡು ರನ್ನು ಬೇಕು. ಬೌಲ್ ಮಾಡ್ತಿದ್ದವನು ನಮ್ಮ ಕ್ಲಾಸಿನ ಎಡಗೈ ಹುಡುಗ. ಓಡಿ ಬಂದ, ಕೈ ಮೇಲೆತ್ತುವ ಮೊದಲೇ ನಿಂತ, ಸ್ಟಂಪಿಗೆ ಬಾಲ್ ತಾಗಿಸಿ ಬೇಲ್ಸ್ ಬೀಳಿಸಿದ, ತಿರುಗಿ ಅಪೀಲ್ ಮಾಡಿದ. ಆ ತುದಿಯಲ್ಲಿದ್ದ ಬ್ಯಾಟರ್ ಆಗಲೇ ಗೆರೆಯಿಂದ ಒಂದೂವರೆ ಮೀಟರ್ ಆಚೆ ಇದ್ದ. ಅದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಅವನಿಗೂ ಇರಲಿಲ್ಲ. ಅಂಪೈರಿಂಗ್ ಮಾಡಿ ಸ್ಕೋರ್ ಬರೀತಿದ್ದವರು ನಾವು ಮೂರು ಜನ. ನಾವು ಏನು ಮಾಡಿದ್ವಿ? "ಡೆಡ್ ಬಾಲ್! ಫಸ್ಟ್ ವಾರ್ನಿಂಗ್ ಕೊಡ್ಬೇಕು!" ಅಂತ ಕೂಗಿದ್ವಿ. ಮುಂದಿನ ಬಾಲಿಗೆ ಅದೇ ಬ್ಯಾಟರ್ ಎರಡನೇ ರನ್ನಿಗೆ ವಾಪಸ್ ಓಡಿ ಬಂದು ಡೈವ್ ಹೊಡೆದು ಮುಟ್ಟಿದ. ಮ್ಯಾಚ್ ಹೋಯ್ತು.

ಮ್ಯಾಚ್ ಹೋಗಿದ್ದಕ್ಕೆ ಈ ಲೇಖನ ಬರೀತಿಲ್ಲ. ಆಟ ಮುಗಿದ ಮೇಲೆ ಬೌಂಡರಿ ಹತ್ತಿರ ಕೂತವರು ಆ ಹುಡುಗನಿಗೆ "ಚೀಟರ್" ಅಂದ್ರು. ನಮ್ಮ ಕಡೆಯವರೂ ಒಂದಿಬ್ಬರು ಸೇರ್ಕೊಂಡ್ರು. ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದಾಗ ಶುರುವಾದ ಜಗಳ ಇಂದಿರಾನಗರ ದಾಟಿತು, ಹಲಸೂರು ದಾಟಿತು, ಎಂ.ಜಿ. ರೋಡಲ್ಲಿ ಊಟಕ್ಕೆ ಇಳಿದಾಗಲೂ ಮುಗಿದಿರಲಿಲ್ಲ. ಅವನು ನಮ್ಮ ಜೊತೆ ಇಳಿಯಲಿಲ್ಲ. ಮೂರು ವಾರದಿಂದ ಪ್ರಾಕ್ಟೀಸಿಗೂ ಬಂದಿಲ್ಲ. ಆಮೇಲೆ ನಾವು ಕೂತು ನಿಯಮ ಓದಿದ್ವಿ. ಮ್ಯಾಚಿಗೆ ಮೊದಲೇ ಓದಬೇಕಿತ್ತು. ಓದಿದಾಗ ಗೊತ್ತಾಗಿದ್ದನ್ನು ಇಲ್ಲಿ ಇಡ್ತಿದ್ದೀವಿ.

ಓಡೋದು 22 ಗಜ ಅಲ್ಲ

ಪಿಚ್ ಉದ್ದ 22 ಗಜ ಅಂತ ಎಲ್ಲರ ಬಾಯಲ್ಲೂ ಇದೆ. ಅದು ಸ್ಟಂಪಿಂದ ಸ್ಟಂಪಿಗೆ, 20.12 ಮೀಟರ್. ಓಡುವವನಿಗೆ ಬೇಕಾದ ಗೆರೆ, ಅಂದ್ರೆ ಪಾಪಿಂಗ್ ಕ್ರೀಸ್, ಎರಡು ಕಡೆಯೂ ಸ್ಟಂಪಿನ ಸಾಲಿಗಿಂತ ನಾಲ್ಕು ಅಡಿ ಮುಂದೆ ಇರುತ್ತೆ. ಎರಡು ಕಡೆ ಕಳೆದರೆ ಉಳಿಯೋದು 17.68 ಮೀಟರ್. ಗೆರೆಯ ಹಿಂದೆ ದೇಹದ ಯಾವುದೋ ಒಂದು ಭಾಗ ಅಥವಾ ಕೈಯಲ್ಲಿ ಹಿಡಿದ ಬ್ಯಾಟು ನೆಲಕ್ಕೆ ತಾಗಿದ್ದರೆ ಸಾಕು, ನೀವು ಮನೆ ಸೇರಿದ ಲೆಕ್ಕ. ಗೆರೆಯ ಮೇಲೆ ಇದ್ದರೆ ಸಾಲದು, ಹಿಂದೆ ಇರಬೇಕು.

ಬೇಸ್‌ಬಾಲಿನಲ್ಲಿ ಒಂದು ಬೇಸಿಂದ ಇನ್ನೊಂದಕ್ಕೆ 90 ಅಡಿ, 27.43 ಮೀಟರ್. ನಮ್ಮ ಕಾಲೇಜಲ್ಲಿ ಬೇಸ್‌ಬಾಲ್ ನೋಡೋರು ಕೈಬೆರಳೆಣಿಕೆ. ಆದ್ರೂ ಈ ಲೇಖನದಲ್ಲಿ ಅದು ಆಗಾಗ ಬರುತ್ತೆ, ಯಾಕಂದ್ರೆ ಓಟದ ವಿಷಯದಲ್ಲಿ ನಾವು ನಾಚಿಕೊಂಡು ಮಾಡೋದನ್ನು ಅವರು ರಾಜಾರೋಷವಾಗಿ ಮಾಡ್ತಾರೆ.

ಗಲ್ಲಿಯಲ್ಲಿ ಬೆಳೆದ ನಮಗೆ ಈ ಗೆರೆಯ ಬೆಲೆ ಗೊತ್ತಾಗೋದೇ ಇಲ್ಲ. ನಮ್ಮಲ್ಲೊಬ್ಬ ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯವನು. ಅಲ್ಲಿ ನಾನ್-ಸ್ಟ್ರೈಕರ್ ತುದಿ ಅಂದ್ರೆ ಕರೆಂಟ್ ಕಂಬ. ಕಂಬ ಮುಟ್ಟಿದ್ರೆ ರನ್ನು. ಬೈ ಇಲ್ಲ, ಎಲ್‌ಬಿ ಇಲ್ಲ, ಯಾರದೋ ಮನೆ ಕಾಂಪೌಂಡಿಗೆ ಬಿದ್ರೆ ಔಟು. ಬೈ ರನ್ನೇ ಇಲ್ಲದ ಆಟ ಆಡಿ ಬೆಳೆದವರಿಗೆ ಒಂದು ಬೈ ರನ್ನು ಒಂದು ಮ್ಯಾಚನ್ನೇ ನುಂಗುತ್ತೆ ಅಂದ್ರೆ ನಂಬೋದು ಕಷ್ಟ. ಆದ್ರೆ ಅದೇ ಹಲಸೂರಿಂದ ಮೆಟ್ರೋದಲ್ಲಿ ಮೂರೇ ಸ್ಟೇಷನ್ ದೂರದ ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ಏಳು ವರ್ಷದ ಅಂತರದಲ್ಲಿ ಎರಡು ಸಲ ಹಾಗೇ ಆಗಿದೆ. ಒಂದು ಸಲ ಬೈ ಸಿಗಲಿಲ್ಲ, ಒಂದು ಸಲ ಸಿಕ್ಕಿತು.

(ಆ ಮೈದಾನಕ್ಕೂ ರನ್ ಔಟಿಗೂ ಹಳೇ ನಂಟು. 1974ರ ನವೆಂಬರಿನಲ್ಲಿ ಅಲ್ಲಿ ನಡೆದ ಮೊಟ್ಟಮೊದಲ ಟೆಸ್ಟಿನಲ್ಲಿ ವೆಸ್ಟ್ ಇಂಡೀಸಿನ ಗಾರ್ಡನ್ ಗ್ರೀನಿಜ್ ತಮ್ಮ ಜೀವನದ ಮೊದಲ ಟೆಸ್ಟ್ ಇನಿಂಗ್ಸ್ ಆಡ್ತಾ 93ಕ್ಕೆ ರನ್ ಔಟ್ ಆದ್ರು. ಎರಡನೇ ಇನಿಂಗ್ಸಲ್ಲಿ 107 ಹೊಡೆದು ಲೆಕ್ಕ ಚುಕ್ತಾ ಮಾಡಿದ್ರು.)

ಮಾರ್ಚ್ 23, 2016

ಆಗ ನಾವೆಲ್ಲ ನಾಲ್ಕನೇ ಕ್ಲಾಸು. ಮಲಗು ಅಂದ್ರೂ ಮಲಗದೆ ನೋಡಿದ ಮ್ಯಾಚು. ಟಿ20 ವಿಶ್ವಕಪ್, ಭಾರತ 146ಕ್ಕೆ 7. ಬಾಂಗ್ಲಾದೇಶಕ್ಕೆ ಕೊನೇ ಓವರಿನಲ್ಲಿ 11 ಬೇಕಿತ್ತು, ಬೌಲಿಂಗ್ ಹಾರ್ದಿಕ್ ಪಾಂಡ್ಯ. ಮಹಮೂದುಲ್ಲಾ ಒಂದು, ಮುಷ್ಫಿಕುರ್ ನಾಲ್ಕು, ಮತ್ತೆ ನಾಲ್ಕು. ಮೂರು ಬಾಲಿಗೆ ಎರಡು ರನ್ನು. ಇಲ್ಲಿಂದ ಸೋಲೋದು ಅಸಾಧ್ಯ ಅಂತ ಯಾರಾದ್ರೂ ಹೇಳ್ತಾರೆ.

ನಾಲ್ಕನೇ ಬಾಲು: ಮುಷ್ಫಿಕುರ್ ಎತ್ತಿ ಹೊಡೆದು ಧವನ್ ಕೈಗೆ ಕ್ಯಾಚ್. ಐದನೇ ಬಾಲು: ಮಹಮೂದುಲ್ಲಾ ಎತ್ತಿ ಹೊಡೆದು ಜಡೇಜಾ ಕೈಗೆ ಕ್ಯಾಚ್. ಆರನೇ ಬಾಲು: ಶುವಾಗತ ಹೋಮ್ ಬೀಸಿದರು, ಬ್ಯಾಟಿಗೆ ತಾಗಲಿಲ್ಲ. ಬಾಲು ಧೋನಿ ಕೈ ಸೇರಿತು. ನಾನ್-ಸ್ಟ್ರೈಕರ್ ಮುಸ್ತಫಿಜುರ್ ಬೈ ರನ್ನಿಗೆ ಓಡಿ ಬಂದರು. ಬಂದಿದ್ದರೆ ಸ್ಕೋರ್ ಸಮ, ಸೂಪರ್ ಓವರ್. ಧೋನಿ ಬಲಗೈ ಗ್ಲೌಸನ್ನು ಮೊದಲೇ ತೆಗೆದಿಟ್ಟುಕೊಂಡಿದ್ದರು. ಎಸೆಯಲಿಲ್ಲ, ಓಡಿ ಬಂದು ಸ್ಟಂಪ್ ಬೀಳಿಸಿದರು. ಭಾರತಕ್ಕೆ ಒಂದು ರನ್ ಗೆಲುವು.

ಧೋನಿ ಓಟವನ್ನು ಎಲ್ಲರೂ ನೂರು ಸಲ ನೋಡಿದ್ದೀವಿ. ನಮ್ಮ ಕಣ್ಣಿಗೆ ಬೀಳದೇ ಹೋಗಿದ್ದು ಬೇರೆ: ಆ ಮೂರು ಬಾಲನ್ನು ಯಾರು ಯಾರು ಎದುರಿಸಿದ್ರು ಅನ್ನೋದು. ಮುಷ್ಫಿಕುರ್ ಔಟಾದ ಮೇಲೆ ಹೊಸದಾಗಿ ಬಂದವರು ಶುವಾಗತ ಹೋಮ್. ಆದರೆ ಐದನೇ ಬಾಲು ಆಡಿದ್ದು ಮಹಮೂದುಲ್ಲಾ. ಯಾಕೆ? ಕ್ಯಾಚ್ ಗಾಳಿಯಲ್ಲಿದ್ದಾಗಲೇ ಇಬ್ಬರೂ ಓಡಿ ಒಬ್ಬರನ್ನೊಬ್ಬರು ದಾಟಿದ್ದರು. ಆಗಿನ ನಿಯಮದ ಪ್ರಕಾರ, ಕ್ಯಾಚ್ ಹಿಡಿಯುವ ಮೊದಲೇ ದಾಟಿದ್ದರೆ ಹೊಸಬ ನಾನ್-ಸ್ಟ್ರೈಕರ್ ತುದಿಗೆ ಹೋಗಬೇಕು, ಸೆಟ್ ಆದವನು ಸ್ಟ್ರೈಕಿಗೆ ಬರಬೇಕು. ಐದನೇ ಬಾಲಿಗೂ ಅದೇ ಕತೆ: ಮಹಮೂದುಲ್ಲಾ ಔಟು, ದಾಟಿದ್ದರಿಂದ ಶುವಾಗತ ಸ್ಟ್ರೈಕಿಗೆ, ಹೊಸಬ ಮುಸ್ತಫಿಜುರ್ ಆ ಕಡೆಗೆ.

ಅಂದರೆ ಆಗ ಔಟಾಗೋ ಮನುಷ್ಯನಿಗೂ ಒಂದು ಕೆಲಸ ಇತ್ತು. ಬಾಲು ಮೇಲೆ ಹೋಗ್ತಿದೆ, ಕ್ಯಾಚ್ ಆಗೋದು ಖಾತ್ರಿ, ರನ್ನು ಸಿಗಲ್ಲ, ಆದರೂ ತಲೆ ಬಗ್ಗಿಸಿ ಓಡಬೇಕು. ನಾನು ಹೋದರೂ ಪರವಾಗಿಲ್ಲ, ನನ್ನ ಜೊತೆಗಾರ ಮುಂದಿನ ಬಾಲು ಆಡಲಿ ಅಂತ. ಇದು ಕ್ರಿಕೆಟ್ಟಿನ ಅತ್ಯಂತ ವಿಚಿತ್ರ ಓಟ ಅಂತ ನಮ್ಮ ಅಭಿಪ್ರಾಯ. ರನ್ನೂ ಇಲ್ಲ, ವಿಕೆಟ್ಟೂ ಹೋಯ್ತು, ಆದರೂ ಲಾಭ.

ನಿಯಮ ಬದಲಾಗಿದ್ದು 2022ರ ಅಕ್ಟೋಬರ್ 1ರಿಂದ. ಈಗ ಕ್ಯಾಚ್ ಔಟ್ ಆದರೆ, ದಾಟಿರಲಿ ಬಿಡಲಿ, ಹೊಸಬನೇ ಸ್ಟ್ರೈಕ್ ತಗೋಬೇಕು, ಓವರ್ ಮುಗಿದಿದ್ದರೆ ಮಾತ್ರ ಬೇರೆ. ಇಂಗ್ಲೆಂಡಿನ 'ದಿ ಹಂಡ್ರೆಡ್' ಟೂರ್ನಿಯಲ್ಲಿ 2021ರಲ್ಲೇ ಇದನ್ನು ಪ್ರಯೋಗ ಮಾಡಿದ್ದರು. ವಿಕೆಟ್ ತೆಗೆದ ಬೌಲರಿಗೆ ಹೊಸಬನ ಮೇಲೆ ಬೌಲ್ ಮಾಡೋ ಹಕ್ಕು ಸಿಗಬೇಕು ಅನ್ನೋದು ತರ್ಕ. ಈ ನಿಯಮ 2016ರಲ್ಲೇ ಇದ್ದಿದ್ದರೆ ಐದನೇ ಬಾಲು ಶುವಾಗತ ಆಡಬೇಕಿತ್ತು, ಮಹಮೂದುಲ್ಲಾ ಆ ತುದಿಯಲ್ಲಿ ಓಡೋಕೆ ರೆಡಿಯಾಗಿ ನಿಂತಿರ್ತಿದ್ರು. ಹೊಸಬ ಎತ್ತಿ ಹೊಡೆಯೋಕೆ ಹೋಗದೆ ಮೆಲ್ಲಗೆ ತಟ್ಟಿ ಒಂದು ರನ್ ತೆಗೆದಿದ್ದರೆ? ಫಲಿತಾಂಶ ಏನಾಗ್ತಿತ್ತೋ ಗೊತ್ತಿಲ್ಲ. ಸ್ಟ್ರೈಕಲ್ಲಿ ಯಾರಿದ್ರು ಅನ್ನೋದನ್ನು ಮಾತ್ರ ಆ ಕೆಲವು ಹೆಜ್ಜೆಗಳೇ ನಿರ್ಧಾರ ಮಾಡಿದ್ದು.

ಬೇಸ್‌ಬಾಲಿನಲ್ಲಿ ಇದರ ತದ್ವಿರುದ್ಧ. ಬಾಲು ಗಾಳಿಯಲ್ಲಿದ್ದಾಗ ಬೇಸ್ ಮೇಲಿದ್ದ ಓಟಗಾರ ಹೊರಟುಬಿಟ್ಟ, ಫೀಲ್ಡರ್ ಕ್ಯಾಚ್ ಹಿಡಿದ ಅಂದ್ಕೊಳ್ಳಿ. ಓಡಿದ್ದೆಲ್ಲ ದಂಡ. ವಾಪಸ್ ಬಂದು ತನ್ನ ಬೇಸನ್ನು ಮುಟ್ಟಲೇಬೇಕು, ಅಷ್ಟರಲ್ಲಿ ಬಾಲು ಅಲ್ಲಿಗೆ ಬಂದರೆ ಅವನೂ ಔಟು. ಹಾಗಾಗಿ ಬುದ್ಧಿವಂತ ಓಟಗಾರ ಬೇಸ್ ಮೇಲೇ ಕಾಲಿಟ್ಟು ಕಾಯ್ತಾನೆ, ಬಾಲು ಫೀಲ್ಡರಿನ ಕೈಗೆ ತಾಗಿದ ಕ್ಷಣ ಬಾಣದ ಹಾಗೆ ಹೊರಡ್ತಾನೆ. ಇದನ್ನು ಓದಿದ ತುಂಟ ಫೀಲ್ಡರಿಗೆ ಒಂದು ಐಡಿಯಾ ಬರಬಹುದು: ಸುಲಭದ ಕ್ಯಾಚನ್ನು ಬೇಕಂತಲೇ ಕೆಳಗೆ ಬಿಟ್ಟರೆ, ಬೇಸಿಗೆ ಅಂಟಿಕೊಂಡು ನಿಂತ ಇಬ್ಬರನ್ನೂ ಒಂದೇ ಏಟಿಗೆ ಔಟ್ ಮಾಡಬಹುದಲ್ಲ? ಅದಕ್ಕೂ ಅವರು ನಿಯಮ ಮಾಡಿಟ್ಟಿದ್ದಾರೆ. ಮೊದಲ ಎರಡು ಬೇಸಲ್ಲೂ ಓಟಗಾರರು ಇದ್ದು, ಎರಡು ಔಟ್ ಇನ್ನೂ ಆಗಿರದೆ, ಒಳಗಿನ ಮೈದಾನದಲ್ಲಿ ಸುಲಭದ ಕ್ಯಾಚ್ ಎದ್ದರೆ ಅಂಪೈರ್ ತಕ್ಷಣ ಬ್ಯಾಟರನ್ನು ಔಟ್ ಅಂತ ಘೋಷಿಸಿಬಿಡ್ತಾರೆ. ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಕಳ್ಳನಿಗಿಂತ ಮುಂಚೆ ಬೀಗ!

ಏಪ್ರಿಲ್ 10, 2023

ಅದೇ ಮೈದಾನ, ಈ ಸಲ ಐಪಿಎಲ್. ಆರ್‌ಸಿಬಿ 212ಕ್ಕೆ 2 ಹೊಡೆದು ಆರಾಮಾಗಿತ್ತು. ಲಖನೌ ಕಡೆಯಿಂದ ಪೂರನ್ 15 ಬಾಲಲ್ಲಿ ಐವತ್ತು ಬಾರಿಸಿ ಎಲ್ಲರ ನಿದ್ದೆ ಕೆಡಿಸಿದ್ರು. ಕೊನೇ ಓವರಿಗೆ ಐದು ರನ್ನು, ಬೌಲಿಂಗ್ ಹರ್ಷಲ್ ಪಟೇಲ್. ವುಡ್ ಬೌಲ್ಡ್. ಐದನೇ ಬಾಲಿಗೆ ಉನಾದ್ಕತ್ ಎತ್ತಿ ಹೊಡೆದು ಡು ಪ್ಲೆಸಿಗೆ ಕ್ಯಾಚ್. ಸ್ಕೋರ್ ಸಮ, ಒಂದು ಬಾಲು, ಒಂದು ರನ್ನು, ಉಳಿದಿರೋದು ಒಂದೇ ವಿಕೆಟ್ಟು.

ಈಗ ನೋಡಿ: ಹೊಸ ನಿಯಮ ಜಾರಿಯಲ್ಲಿತ್ತು. ಹಾಗಾಗಿ ಹೊಸಬ ಆವೇಶ್ ಖಾನ್ ಸ್ಟ್ರೈಕಿಗೆ, ಮೂರು ರನ್ ಹೊಡೆದು ಕಾಲು ಬಿಸಿಯಾಗಿದ್ದ ರವಿ ಬಿಷ್ಣೋಯಿ ನಾನ್-ಸ್ಟ್ರೈಕರ್ ತುದಿಗೆ. ಬ್ಯಾಟು ಬೀಸೋ ಕೆಲಸ ಹೊಸಬನಿಗೆ, ಓಡೋ ಕೆಲಸ ಬಿಷ್ಣೋಯಿಗೆ. ಬಾಲು ತಾಗಲಿ ಬಿಡಲಿ ಬಿಷ್ಣೋಯಿ ಓಡ್ತಾರೆ ಅನ್ನೋದು ಸ್ಟೇಡಿಯಮ್ಮಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹರ್ಷಲ್‌ಗೂ ಗೊತ್ತಿತ್ತು. ಓಡಿ ಬಂದ ಹರ್ಷಲ್ ಬಾಲ್ ಹಾಕದೆ ಬೇಲ್ಸ್ ತೆಗೆಯೋಕೆ ಕೈ ಚಾಚಿದ್ರು. ಬಿಷ್ಣೋಯಿ ಗೆರೆ ದಾಟಿ ಹೋಗಿಯೇ ಇದ್ರು. ಆದರೆ ಓಡಿ ಬಂದ ವೇಗಕ್ಕೆ ಹರ್ಷಲ್ ಕೈ ಸ್ಟಂಪಿಗೆ ಸಿಗಲಿಲ್ಲ. ಮುಂದೆ ಹೋಗಿ ತಿರುಗಿ ಎಸೆದ್ರು, ಅದು ಸ್ಟಂಪಿಗೆ ಬಡಿಯಿತು. ಅಂಪೈರ್ ಔಟ್ ಕೊಡಲಿಲ್ಲ.

ಬಾಲನ್ನು ಮತ್ತೆ ಹಾಕಬೇಕಾಯಿತು. ಆವೇಶ್ ಬೀಸಿದ್ರು, ತಾಗಲಿಲ್ಲ. ದಿನೇಶ್ ಕಾರ್ತಿಕ್ ಕೈಯಲ್ಲಿ ಬಾಲು ನಿಲ್ಲಲಿಲ್ಲ. ಇಬ್ಬರೂ ಓಡಿದ್ರು. ಒಂದು ಬೈ. ಲಖನೌ 213ಕ್ಕೆ 9, ಒಂದು ವಿಕೆಟ್ ಗೆಲುವು. ಆವೇಶ್ ಹೆಲ್ಮೆಟ್ ಕಿತ್ತು ನೆಲಕ್ಕೆ ಬಡಿದದ್ದು ನಿಮಗೆ ನೆನಪಿರಬಹುದು. ನಮ್ಮಲ್ಲಿ ಒಬ್ಬನಿಗೆ ಅದನ್ನು ಈಗಲೂ ತೋರಿಸೋ ಹಾಗಿಲ್ಲ.

ಮೊದಲ ಪ್ರಯತ್ನ ಯಾಕೆ ಔಟ್ ಅಲ್ಲ? ನಾನ್-ಸ್ಟ್ರೈಕರನ್ನು ಬೌಲರ್ ಔಟ್ ಮಾಡೋಕೆ ಒಂದು ಕಾಲಮಿತಿ ಇದೆ. ಬೌಲರ್ ಓಟ ಶುರು ಮಾಡಿದಾಗಿಂದ, ಮಾಮೂಲಿಯಾಗಿ ಬಾಲು ಬಿಡಬೇಕಿದ್ದ ಕ್ಷಣದ ತನಕ. ಕೈ ಆ ಎತ್ತರ ದಾಟಿತು, ಬೌಲರ್ ಸ್ಟಂಪು ದಾಟಿ ಮುಂದಕ್ಕೆ ಹೋದ ಅಂದ್ರೆ ಬಾಗಿಲು ಮುಚ್ಚಿತು. ಆಮೇಲೆ ನಾನ್-ಸ್ಟ್ರೈಕರ್ ಎಷ್ಟು ಮುಂದೆ ಇದ್ರೂ ಅದು ಅವನ ಹಕ್ಕು. ಆಸ್ಟ್ರೇಲಿಯಾದ ಬಿಗ್ ಬ್ಯಾಷಲ್ಲಿ ಅದೇ ವರ್ಷ ಜನವರಿಯಲ್ಲಿ ಆಡಮ್ ಜಂಪಾ ಮಾಡಿದ ಇಂಥದ್ದೇ ಪ್ರಯತ್ನವನ್ನೂ ಕೈ ಮೇಲಕ್ಕೆ ಹೋಗಿ ಆಗಿತ್ತು ಅನ್ನೋ ಕಾರಣಕ್ಕೆ ಔಟ್ ಅಲ್ಲ ಅಂದಿದ್ದರು. ಅದಾದ ಮೇಲೆ ಎಂಸಿಸಿ ನಿಯಮದ ಮಾತುಗಳನ್ನೂ ಇನ್ನಷ್ಟು ಬಿಡಿಸಿ ಬರೆಯಿತು.

ಈಗ ನಮ್ಮ ಮ್ಯಾಚಿಗೆ ಬನ್ನಿ. ನಮ್ಮ ಎಡಗೈ ಹುಡುಗ ಕೈ ಎತ್ತೋ ಮೊದಲೇ ನಿಂತಿದ್ದ. ಕಾಲಮಿತಿಯ ಒಳಗೇ ಇದ್ದ. ಅಪೀಲ್ ಮಾಡಿದ್ದ. ಬೇಕಾಗಿದ್ದು ಅಷ್ಟೇ. ವಾರ್ನಿಂಗ್ ಅನ್ನೋ ಪದ ನಿಯಮದಲ್ಲಿ ಎಲ್ಲೂ ಇಲ್ಲ. ಅದು ಔಟು. ಎರಡು ಸಲ ಅಲ್ಲ, ನಾಲ್ಕು ಸಲ ಓದಿ ನೋಡಿದ್ವಿ, ಔಟೇ.

ಹಾಗಾದ್ರೆ ವಾರ್ನಿಂಗ್ ಎಲ್ಲಿಂದ ಬಂತು?

ಇದು ಹಳೇ ಗಾಯ. 1947ರ ಡಿಸೆಂಬರ್ 13, ಸಿಡ್ನಿ ಟೆಸ್ಟು. ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನನ್ನು ಹೀಗೇ ರನ್ ಔಟ್ ಮಾಡಿದ್ರು. ಅದಕ್ಕೂ ಮೊದಲು ಒಂದು ಪ್ರವಾಸಿ ಪಂದ್ಯದಲ್ಲಿ ಅದೇ ಬ್ರೌನಿಗೆ ಎಚ್ಚರಿಕೆ ಕೊಟ್ಟು, ಆಮೇಲೆ ಔಟ್ ಮಾಡಿದ್ದರು. ಪತ್ರಿಕೆಗಳು ಗಲಾಟೆ ಎಬ್ಬಿಸಿದಾಗ ಎದುರಾಳಿ ನಾಯಕ ಬ್ರಾಡ್ಮನ್ನೇ ಮಂಕಡ್ ಪರ ನಿಂತರು. ಆದರೂ ಆ ಔಟಿಗೆ ಮಂಕಡ್ ಹೆಸರೇ ಅಂಟಿಕೊಂಡಿತು. ಗೆರೆ ಬಿಟ್ಟವನ ಹೆಸರು ಯಾರಿಗೂ ನೆನಪಿಲ್ಲ, ಗೆರೆ ತೋರಿಸಿದವನ ಹೆಸರು ಬೈಗುಳ ಆಯ್ತು. ಸುನಿಲ್ ಗಾವಸ್ಕರ್ ಇದನ್ನು ವಿರೋಧಿಸ್ತಾನೇ ಬಂದಿದ್ದಾರೆ. ನಾವೂ ಈ ಲೇಖನದಲ್ಲಿ ಆ ಹೆಸರನ್ನು ಔಟಿಗೆ ಇಟ್ಟಿಲ್ಲ.

ವಾರ್ನಿಂಗ್ ಕೊಟ್ಟು ಬಿಟ್ಟ ದೊಡ್ಡ ಮನಸ್ಸಿನವರೂ ಇದ್ದಾರೆ. 1987ರ ವಿಶ್ವಕಪ್ಪಿನಲ್ಲಿ ಲಾಹೋರಿನಲ್ಲಿ ಕೋರ್ಟ್ನಿ ವಾಲ್ಶ್ ಕೊನೇ ಬಾಲಿಗೆ ಓಡಿ ಬಂದು, ಮುಂದೆ ಹೋಗಿದ್ದ ಸಲೀಂ ಜಾಫರನ್ನು ಔಟ್ ಮಾಡದೆ ಎಚ್ಚರಿಸಿ ವಾಪಸ್ ಹೋದ್ರು. ಅದೇ ಬಾಲಿಗೆ ಪಾಕಿಸ್ತಾನ ಗೆದ್ದಿತು, ವೆಸ್ಟ್ ಇಂಡೀಸ್ ಸೆಮಿಫೈನಲ್ ತಲುಪಲೇ ಇಲ್ಲ. ವಾಲ್ಶ್ ಬಗ್ಗೆ ನಮಗೆ ಗೌರವ ಇದೆ. ಆದರೆ ಒಬ್ಬರು ದಾನ ಮಾಡಿದ್ರು ಅಂತ ದಾನ ಮಾಡದವರೆಲ್ಲ ಕಳ್ಳರು ಅಂದ್ರೆ ಹೇಗೆ? 2022ರ ಸೆಪ್ಟೆಂಬರ್ 24ರಂದು ಲಾರ್ಡ್ಸಿನಲ್ಲಿ ದೀಪ್ತಿ ಶರ್ಮಾ, 47 ರನ್ ಹೊಡೆದು ಆಡ್ತಿದ್ದ ಚಾರ್ಲಿ ಡೀನನ್ನು ಹೀಗೆ ಔಟ್ ಮಾಡಿ ಸರಣಿ ಮುಗಿಸಿದಾಗ ಬಂದ ಮಾತುಗಳನ್ನು ನೀವೇ ಕೇಳಿದ್ದೀರಿ. ಒಂದೇ ವಾರದ ನಂತರ, ಅಕ್ಟೋಬರ್ 1ಕ್ಕೆ, ನಿಯಮಪುಸ್ತಕ ಆ ಔಟನ್ನು 'ಅನುಚಿತ ಆಟ'ದ ಅಧ್ಯಾಯದಿಂದ ತೆಗೆದು ಮಾಮೂಲಿ 'ರನ್ ಔಟ್' ಅಧ್ಯಾಯಕ್ಕೆ ಸೇರಿಸಿತು. 41ನೇ ನಿಯಮದಿಂದ 38ಕ್ಕೆ. ಈ ಬದಲಾವಣೆ ಆ ವರ್ಷದ ಮಾರ್ಚಿನಲ್ಲೇ ಪ್ರಕಟವಾಗಿತ್ತು, ದೀಪ್ತಿಗಾಗಿ ಮಾಡಿದ್ದಲ್ಲ.

ಬೇಸ್‌ಬಾಲಿನವರು ಈ ಜಗಳ ಕೇಳಿದ್ರೆ ನಗ್ತಾರೆ. ಅಲ್ಲಿ ಓಟಗಾರ ಬೇಸಿಂದ ಮೂರ್ನಾಲ್ಕು ಹೆಜ್ಜೆ ಮುಂದೆ ಬಂದು ನಿಲ್ಲೋದೇ ಪದ್ಧತಿ, ಪಿಚರ್ ಸರಕ್ಕನೆ ತಿರುಗಿ ಆ ಬೇಸಿಗೆ ಎಸೆಯೋದೂ ಪದ್ಧತಿ. ಯಾರೂ ಯಾರನ್ನೂ ಚೀಟರ್ ಅನ್ನಲ್ಲ. ಅವರಿಗೆ ಇದ್ದ ತೊಂದರೆ ಉಲ್ಟಾ: ಪಿಚರ್‌ಗಳು ಪದೇ ಪದೇ ತಿರುಗಿ ಎಸೆದು ಆಟ ಎಳೆಯೋರು. ಹಾಗಾಗಿ 2023ರಿಂದ ಅಮೆರಿಕದ ಮೇಜರ್ ಲೀಗಲ್ಲಿ ಒಬ್ಬ ಬ್ಯಾಟರಿಗೆ ಎರಡೇ ಸಲ ಹಾಗೆ ಮಾಡಬಹುದು, ಮೂರನೇ ಸಲ ಮಾಡಿ ಔಟ್ ಆಗದಿದ್ರೆ ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ. ಜೊತೆಗೆ ಬೇಸ್ ಅಗಲವನ್ನು 15 ಇಂಚಿಂದ 18 ಇಂಚಿಗೆ ಏರಿಸಿದ್ರು. ಫಲ? ಬೇಸ್ ಕದಿಯೋದು 2022ರಲ್ಲಿ 2,486 ಇದ್ದದ್ದು 2023ರಲ್ಲಿ 3,503 ಆಯ್ತು. ಮೂರು ಇಂಚು, ಎರಡು ಎಸೆತ: ಇಷ್ಟು ಚಿಕ್ಕ ಬದಲಾವಣೆಗೆ ಅಷ್ಟು ದೊಡ್ಡ ಏರಿಕೆ. ನಿಯಮ ಬರೆಯೋರು ಒಂಥರಾ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಪಾಠದ ಗೇನ್ ನಾಬ್ ತಿರುಗಿಸೋರು.

ಸ್ವಲ್ಪ ಲೆಕ್ಕ

ಗೆರೆ ಬಿಟ್ಟು ಮುಂದೆ ನಿಲ್ಲೋದರಿಂದ ನಿಜವಾಗಲೂ ಎಷ್ಟು ಲಾಭ? ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಒಬ್ಬ ಸಾಧಾರಣ ಹುಡುಗ ಪ್ಯಾಡಿಲ್ಲದೆ ಸೆಕೆಂಡಿಗೆ 6 ಮೀಟರ್ ಗರಿಷ್ಠ ವೇಗ ಮುಟ್ತಾನೆ, ಅಲ್ಲಿಯ ತನಕ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರಂತೆ ವೇಗ ಏರಿಸ್ತಾನೆ ಅಂತ ಇಟ್ಕೊಳ್ಳೋಣ. ಬ್ಯಾಟು ಚಾಚಿ ಉಳಿಸೋ ದೂರವನ್ನು ಬಿಟ್ಟುಬಿಡೋಣ, ಅದು ಎಲ್ಲರಿಗೂ ಒಂದೇ.

ಮೊದಲನೆಯವನು ಸಾಧು. ಗೆರೆಯ ಹಿಂದೆ ಬ್ಯಾಟಿಗೆ ಒರಗಿ ನಿಂತಿದ್ದಾನೆ, ಬೌಲರ್ ಬಾಲು ಬಿಟ್ಟ ಕ್ಷಣ ಹೊರಡ್ತಾನೆ. ಗರಿಷ್ಠ ವೇಗ ಮುಟ್ಟೋಕೆ 2 ಸೆಕೆಂಡು, ಅಷ್ಟರಲ್ಲಿ 6 ಮೀಟರ್. ಉಳಿದ 11.68 ಮೀಟರಿಗೆ 1.95 ಸೆಕೆಂಡು. ಒಟ್ಟು 3.95.

ಎರಡನೆಯವನು ನಮ್ಮ ಮ್ಯಾಚಿನ ಬ್ಯಾಟರಿಗಿಂತಲೂ ಧೈರ್ಯವಂತ. ಎರಡು ಮೀಟರ್ ಮುಂದೆ ಹೋಗಿ ನಿಂತಿದ್ದಾನೆ. ಓಡಬೇಕಾದ್ದು 15.68. ಅದೇ ಲೆಕ್ಕ ಹಾಕಿದ್ರೆ 3.61 ಸೆಕೆಂಡು. ಉಳಿತಾಯ ಮೂರನೇ ಒಂದು ಸೆಕೆಂಡು. ಬೇಲ್ಸ್ ಹೋಗುತ್ತಾ ಅನ್ನೋ ಭಯ ಬೇರೆ.

ಮೂರನೆಯವನು ಜಾಣ. ಗೆರೆಯಿಂದ ಎರಡು ಮೂರು ಮೀಟರ್ ಹಿಂದೆ ನಿಂತಿದ್ದಾನೆ. ಬೌಲರ್ ಓಡಿ ಬರೋ ತಾಳಕ್ಕೆ ಸರಿಯಾಗಿ ಜಾಗ್ ಮಾಡ್ತಾ ಬರ್ತಾನೆ. ಬಾಲು ಕೈ ಬಿಟ್ಟ ಕ್ಷಣಕ್ಕೆ ಅವನು ಗೆರೆ ಮೇಲೆ, ಬ್ಯಾಟಿನ ತುದಿ ಇನ್ನೂ ಹಿಂದಿನ ನೆಲದಲ್ಲಿ ಎಳೀತಾ ಇದೆ, ಆದರೆ ದೇಹದ ವೇಗ ಆಗಲೇ ಸೆಕೆಂಡಿಗೆ 3 ಮೀಟರ್. ಇನ್ನೊಂದು ಸೆಕೆಂಡಲ್ಲಿ ಗರಿಷ್ಠ ವೇಗ, ಅಷ್ಟರಲ್ಲಿ 4.5 ಮೀಟರ್. ಉಳಿದ 13.18 ಮೀಟರಿಗೆ 2.20 ಸೆಕೆಂಡು. ಒಟ್ಟು 3.20.

ಇನ್ನೊಂದ್ಸಲ ನೋಡಿ. ಎರಡು ಮೀಟರ್ ಕದ್ದವನಿಗಿಂತ ಒಂದಿಂಚೂ ಕದಿಯದವನು 0.4 ಸೆಕೆಂಡು ಮುಂದೆ. ನಿಂತವನಿಗೆ ಹೋಲಿಸಿದರೆ ಮುಕ್ಕಾಲು ಸೆಕೆಂಡು. ಬೈ ರನ್ನಿನಲ್ಲಿ ಕೀಪರ್ ಧೋನಿ ಹಾಗೆ ಗ್ಲೌಸ್ ತೆಗೆದು ಕಾಯ್ತಾ ಇದ್ರೂ ಮುಕ್ಕಾಲು ಸೆಕೆಂಡು ಸಣ್ಣದಲ್ಲ. ನಮ್ಮ ಸಂಖ್ಯೆಗಳು ಅಂದಾಜಿನವು, ನಿಮ್ಮ ವೇಗ ಹಾಕಿ ಲೆಕ್ಕ ಮಾಡ್ಕೊಳ್ಳಿ. ಆದರೆ ಯಾವ ಸಂಖ್ಯೆ ಹಾಕಿ ನೋಡಿದರೂ ನಮಗೆ ಸಿಕ್ಕಿದ್ದು ಒಂದೇ ಉತ್ತರ: ಜಾಗಕ್ಕಿಂತ ವೇಗ ಕದಿಯೋದು ಲಾಭ, ಮತ್ತೆ ವೇಗ ಕದಿಯೋಕೆ ಯಾವ ನಿಯಮವೂ ಅಡ್ಡ ಬರಲ್ಲ. ಒಂದೇ ಷರತ್ತು, ಬೌಲರ್ ನಿಂತುಬಿಟ್ಟರೆ ನಿಮಗೂ ನಿಲ್ಲೋಕೆ ಆಗಬೇಕು. ಅದಕ್ಕೆ ಕಣ್ಣು ಸ್ಟ್ರೈಕರ್ ಮೇಲಲ್ಲ, ಬೌಲರಿನ ಕೈ ಮೇಲಿರಬೇಕು. ನಮ್ಮಲ್ಲಿ ತೊಂಬತ್ತು ಪಾಲು ಜನ ಆ ಹೊತ್ತಿಗೆ ಎದುರಿಗೆ ನೋಡ್ತಿರ್ತಾರೆ.

ಇನ್ನೆರಡು ಜಗಳಕ್ಕೆ ಉತ್ತರ

ಇಬ್ಬರೂ ಒಂದೇ ತುದಿಗೆ ಬಂದು ನಿಂತರೆ ಯಾರು ಔಟು? ಮೊದಲು ಬಂದು ಸೇರಿದವನಿಗೆ ಆ ಜಾಗ. ಆಮೇಲೆ ಬಂದವನು ಔಟು, ಇನ್ನೊಂದು ಕಡೆಯ ಸ್ಟಂಪ್ ಬಿದ್ದರೆ. "ಸೀನಿಯರ್ ಇರಲಿ, ನೀನು ಹೋಗು" ಅನ್ನೋದು ಹಾಸ್ಟೆಲ್ ನಿಯಮ, ಕ್ರಿಕೆಟ್ ನಿಯಮ ಅಲ್ಲ. ಬೇಸ್‌ಬಾಲಲ್ಲಿ ಬೇರೆ: ಒಂದೇ ಬೇಸಲ್ಲಿ ಇಬ್ಬರಿದ್ರೆ ಸಾಮಾನ್ಯವಾಗಿ ಮುಂದಿನ ಓಟಗಾರನದ್ದೇ ಹಕ್ಕು, ಹಿಂದಿನವನು ಔಟು. ಅಲ್ಲಿ ಸೀನಿಯರ್ ನಿಯಮವೇ!

ಇಬ್ಬರೂ ನಡುವೆ ಇದ್ದಾಗ? ದಾಟಿದ್ದರೆ ಬಿದ್ದ ಸ್ಟಂಪಿನ ಕಡೆಗೆ ಓಡ್ತಿದ್ದವನು ಔಟು, ದಾಟಿಲ್ಲದಿದ್ದರೆ ಆ ತುದಿಯಿಂದ ಹೊರಟವನು ಔಟು. ಮತ್ತೆ ಅದೇ ದಾಟುವ ಕ್ಷಣ. 2019ರ ಜುಲೈ 14ರ ವಿಶ್ವಕಪ್ ಫೈನಲ್ಲಲ್ಲಿ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದ ಓವರ್‌ಥ್ರೋಗೆ ಆರು ರನ್ ಕೊಟ್ಟಿದ್ದರು. ಗಪ್ಟಿಲ್ ಎಸೆದ ಕ್ಷಣಕ್ಕೆ ಬ್ಯಾಟರ್‌ಗಳು ಎರಡನೇ ರನ್ನಿನಲ್ಲಿ ಇನ್ನೂ ದಾಟಿರಲಿಲ್ಲ, ಹಾಗಾಗಿ ಐದೇ ಕೊಡಬೇಕಿತ್ತು, ಸ್ಟ್ರೈಕಿಗೆ ರಶೀದ್ ಬರಬೇಕಿತ್ತು ಅಂತ ಸೈಮನ್ ಟಾಫೆಲ್ ಅಂಥ ಅಂಪೈರೇ ಹೇಳಿದ್ರು. ವಿಶ್ವಕಪ್ ಫೈನಲ್ಲಲ್ಲೇ ಹೀಗಾದ್ರೆ ನಾವು ಯಾವ ಲೆಕ್ಕ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಮಾಡ್ಕೊಂಡಿಲ್ಲ.

ಈ ಲೇಖನದ ಕರಡನ್ನು ಮೊನ್ನೆ ರಾತ್ರಿ ಆ ಎಡಗೈ ಹುಡುಗನಿಗೆ ಕಳಿಸಿದ್ವಿ. ಮೇಲ್ಗಡೆ "ಸಾರಿ ಮಗಾ, ಅದು ಔಟು" ಅಂತ ಬರೆದಿದ್ವಿ. ಎರಡು ಗಂಟೆ ಉತ್ತರ ಇಲ್ಲ. ಆಮೇಲೆ ಬಂತು: "ಅವತ್ತು ನೀವು ಆ ತುದೀಲಿ ಗೆರೆನೇ ಎಳ್ದಿರ್ಲಿಲ್ಲ, ಎರಡು ಚಪ್ಪಲಿ ಇಟ್ಟಿದ್ರಿ. ಮೊದಲು ಸುಣ್ಣ ತನ್ನಿ."

ಶನಿವಾರ ಬೆಳಗ್ಗೆ ಏಳಕ್ಕೆ ಪ್ರಾಕ್ಟೀಸ್ ಇದೆ. ಸುಣ್ಣದ ಪುಡಿ, ದಾರ, ಅಳತೆ ಟೇಪು ನಾವು ತರ್ತೀವಿ.